ಬಾಣಂತಿಯ ತಲೆನೋವು

1825ರಲ್ಲಿ ಫ್ರಾನ್ಸಿನ ವೈದ್ಯ ರೀಬ್, ತೀರಿಹೋದ ರೋಗಿಯೊಬ್ಬನ ಮೆದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿದ್ದನ್ನು ಕಂಡು ಬರೆದಿಟ್ಟರು. 1828ರಲ್ಲಿ ಎಡಿನ್‌ಬರೋದ ಅಬರ್‌ಕ್ರಾಂಬಿ ಅದನ್ನೇ ಫಿಟ್ಸ್ ಬಂದು ಸತ್ತ 24 ವಯಸ್ಸಿನ ಬಾಣಂತಿಯಲ್ಲಿ ಕಂಡರು. ಮೆನಿಂಜೈಟಿಸ್ ಬಂದಾಗ, ಕಿವಿಯ ಕೀವು ಒಳಗಿಳಿದಾಗಲೂ ಹೀಗಾಗುವುದುಂಟು. ಆದರೆ ನಮ್ಮ ನಾಡಿನಲ್ಲಿ ಈ ಕಾಯಿಲೆ ಬಹಳವಾಗಿ ಕಾಡಿದ್ದು ಬಾಣಂತಿಯರನ್ನು.

ಹೆರಿಗೆಯ ನಂತರ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುತ್ತದೆ. ಶೀತವಾದೀತೆಂದು ನೀರನ್ನೂ ಕೊಡದೆ ಒಣಗಿಸಿದರೆ ಅಪಾಯ ಇನ್ನಷ್ಟು. ವಿಪರೀತ ತಲೆನೋವು, ವಾಂತಿ, ಫಿಟ್ಸ್ ಬಂದರೆ ‘ಬಾಣಂತಿ ಸನ್ನಿ’ ಎಂದು ತಾಯಿತ ಕಟ್ಟಿಸುತ್ತ ಕುಳಿತ ಮನೆಗಳನ್ನು ನಾನೇ ನೋಡಿದ್ದೇನೆ. ಇಂಥ ಬಾಣಂತಿಯರಿಗೆ ಹೆಪಾರಿನ್ ಔಷಧಿಯಿಂದಾಗುವ ಉಪಕಾರವನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಕಂಡುಕೊಂಡಿದ್ದಾರೆ. ಹೊತ್ತು ಮೀರದಂತೆ ಆಸ್ಪತ್ರೆಗೆ ಸೇರಿಸುವುದು ಮನೆಯವರ ಕೆಲಸ.

ಹೆತ್ತ ಮಗಳನ್ನು ಬೆಚ್ಚಗಿಡೋಣ. ಕಾಯಿಸಿ ಆರಿಸಿದ ನೀರನ್ನು ಮಾತ್ರ ಧಾರಾಳವಾಗಿ ಕೊಡೋಣ.