ಮಲದಲ್ಲಿ ಕೊರೊನಾ ವೈರಸ್ ಹಾಗೂ ಒಳಚರಂಡಿ ನೀರಿನ ಮೂಲಕ ಸೋಂಕಿನ ಸಮೀಕ್ಷೆ: ಸಾರ್ವಜನಿಕ ಮಾಹಿತಿ

1. ಪೀಠಿಕೆ

ಕೋವಿಡ್-19 ಕಾಯಿಲೆಗೆ ಕಾರಣವಾದ ಸಾರ್ಸ್-ಕೋವ್-2 ವೈರಸ್ಸು ಮುಖ್ಯವಾಗಿ ಶ್ವಾಸಾಂಗಗಳನ್ನು ಬಾಧಿಸುತ್ತದೆ. ಆದಾಗ್ಯೂ ಸೋಂಕಿತರಲ್ಲಿ ಅನೇಕರ ಮಲದಲ್ಲಿಯೂ ಈ ವೈರಸ್ಸಿನ ಆರ್‌ಎನ್‌ಎ ಅಂಶವು ಕಂಡುಬರುತ್ತದೆ. 2020ರ ಜನವರಿಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ದೃಢಪಟ್ಟ ಆ ದೇಶದ ಮೊದಲ ರೋಗಿಯ ಮಲದ ಮಾದರಿಯಲ್ಲಿಯೂ ಇದು ಪತ್ತೆಯಾಗಿತ್ತು.

ವಿಶ್ವ ಆರೋಗ್ಯ ಸಂಸ್ಥೆಯು 2020ರ ಜನವರಿ 30ರಂದು ಘೋಷಿಸಿದ್ದ ಅಂತರರಾಷ್ಟ್ರೀಯ ಆರೋಗ್ಯ ತುರ್ತುಸ್ಥಿತಿಯು 2023ರ ಮೇ 5ರಂದು ಕೊನೆಗೊಂಡಿತು. ತದನಂತರ ಗಂಟಲು ದ್ರವದ ಪರೀಕ್ಷೆಗೆ ಒಳಗಾಗುವವರ ಸಂಖ್ಯೆಯು ಬಹಳ ಕಡಿಮೆಯಾಗಿರುವುದರಿಂದ, ವ್ಯಕ್ತಿಗಳನ್ನು ಪರೀಕ್ಷಿಸದೆಯೇ ಊರಿನ ಸೋಂಕಿನ ಸ್ಥಿತಿಯನ್ನು ಅರಿಯುವ ವಿಧಾನಕ್ಕೆ ಮಹತ್ವ ಬಂದಿರುತ್ತದೆ.

2. ವೈರಸ್ಸು ಮಲವನ್ನು ಸೇರುವ ಬಗೆ

ಈ ವೈರಸ್ಸು ಜೀವಕೋಶವನ್ನು ಪ್ರವೇಶಿಸಲು ಎಸಿಇ-2 ಎಂಬ ಗ್ರಾಹಕವನ್ನು ಬಳಸುತ್ತದೆ. ಈ ಗ್ರಾಹಕವು ಸಣ್ಣ ಕರುಳಿನ ಒಳಪದರದ ಕೋಶಗಳಲ್ಲಿಯೂ ಹೇರಳವಾಗಿರುವುದರಿಂದ ಕರುಳಿಗೂ ಸೋಂಕು ತಗಲಬಹುದಾಗಿದೆ. ಕೆಲವು ರೋಗಿಗಳಲ್ಲಿ ಭೇದಿ, ವಾಕರಿಕೆ ಮತ್ತು ಹೊಟ್ಟೆನೋವು ಕಾಣಿಸಿಕೊಳ್ಳುತ್ತವೆ.

ಚೀನಾದಲ್ಲಿ 74 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 41 ಮಂದಿಯ ಮಲದಲ್ಲಿ ವೈರಸ್ಸಿನ ಆರ್‌ಎನ್‌ಎ ಪತ್ತೆಯಾಯಿತು. ಈ 41 ಮಂದಿಯಲ್ಲಿ, ಲಕ್ಷಣಗಳು ಆರಂಭವಾದ ದಿನದಿಂದ ಲೆಕ್ಕ ಹಾಕಿದಾಗ, ಶ್ವಾಸಮಾರ್ಗದ ಮಾದರಿಗಳಲ್ಲಿ ಸರಾಸರಿ 16.7 ದಿನಗಳವರೆಗೂ ಮಲದ ಮಾದರಿಗಳಲ್ಲಿ ಸರಾಸರಿ 27.9 ದಿನಗಳವರೆಗೂ ಅದು ಉಳಿದಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವು 2022ರಲ್ಲಿ ಪ್ರಕಟಿಸಿದ, 113 ಮಂದಿಯನ್ನು ಒಳಗೊಂಡ ಅಧ್ಯಯನದ ಪ್ರಕಾರ, ಸೋಂಕು ದೃಢಪಟ್ಟ ಮೊದಲ ವಾರದಲ್ಲಿ ಶೇ. 49.2ರಷ್ಟು, ನಾಲ್ಕು ತಿಂಗಳ ನಂತರ ಶೇ. 12.7ರಷ್ಟು ಹಾಗೂ ಏಳು ತಿಂಗಳ ನಂತರ ಶೇ. 3.8ರಷ್ಟು ಮಂದಿಯ ಮಲದಲ್ಲಿ ಆರ್‌ಎನ್‌ಎ ಕಂಡುಬಂದಿತು.

3. ಮಲದಿಂದ ಸೋಂಕು ಹರಡುವುದೇ?

ಆರ್‌ಎನ್‌ಎ ಪತ್ತೆಯಾದ ಮಾತ್ರಕ್ಕೆ ಜೀವಂತ ವೈರಸ್ಸು ಇದೆ ಎಂದು ಅರ್ಥವಲ್ಲ. ಜರ್ಮನಿಯ ಸಂಶೋಧಕರು 2020ರಲ್ಲಿ ಮಲದ ಮಾದರಿಗಳಲ್ಲಿ ಅಧಿಕ ಪ್ರಮಾಣದ ಆರ್‌ಎನ್‌ಎ ಕಂಡರೂ ಅವುಗಳಿಂದ ಜೀವಂತ ವೈರಸ್ಸನ್ನು ಬೆಳೆಸಲು ಸಾಧ್ಯವಾಗಲಿಲ್ಲ. ಕೆಲವೇ ಪ್ರಕರಣಗಳಲ್ಲಿ ಮಾತ್ರ ಅಂತಹ ವೈರಸ್ಸು ದೊರೆತಿರುತ್ತದೆ. ಕೋವಿಡ್-19 ಹರಡುವ ಪ್ರಧಾನ ಮಾರ್ಗವು ಉಸಿರಾಟದ ಗಾಳಿಯೇ ಆಗಿರುತ್ತದೆ.

ಹಾಗೆಂದು ಶೌಚಾಲಯದ ಸುಸ್ಥಿತಿಯನ್ನು ಅಲಕ್ಷಿಸತಕ್ಕದ್ದಲ್ಲ. 2003ರಲ್ಲಿ ಇದೇ ಕುಟುಂಬದ ಸಾರ್ಸ್ ವೈರಸ್ಸು ಹಾಂಗ್‌ಕಾಂಗ್‌ನ ಅಮಾಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಮಂದಿಗೆ ತಗಲಿತು. ಬಚ್ಚಲಿನ ನೆಲದ ಕೊಳವೆಯ ಬಾಗಿನಲ್ಲಿ ಇರಬೇಕಾದ ನೀರು ಒಣಗಿ, ಕೊಳವೆಯೊಳಗಿನ ಸೂಕ್ಷ್ಮ ಹನಿಗಳು ಮನೆಗಳೊಳಗೆ ಬಂದುದು ಇದಕ್ಕೆ ಒಂದು ಮುಖ್ಯ ಕಾರಣವೆಂದು ತನಿಖೆಯು ತಿಳಿಸಿತು.

4. ಸಮೀಕ್ಷೆ ನಡೆಯುವ ಕ್ರಮ

(ಅ) ಕೊಳಚೆ ನೀರು ಶುದ್ಧೀಕರಣ ಘಟಕದ ಒಳಹರಿವಿನಿಂದ ಅಥವಾ ಆಯ್ದ ಆಳುಗುಂಡಿಗಳಿಂದ ನಿಗದಿತ ದಿನಗಳಂದು ಮಾದರಿಯನ್ನು ಸಂಗ್ರಹಿಸಿ, ತಣ್ಣನೆಯ ಪೆಟ್ಟಿಗೆಯಲ್ಲಿರಿಸಿ ಪ್ರಯೋಗಾಲಯಕ್ಕೆ ಸಾಗಿಸಲಾಗುತ್ತದೆ.

(ಆ) ನೀರಿನಲ್ಲಿ ಚದುರಿರುವ ವೈರಸ್ ಅಂಶವನ್ನು ಸಾಂದ್ರಗೊಳಿಸಿ, ಆರ್‌ಎನ್‌ಎಯನ್ನು ಬೇರ್ಪಡಿಸಿ, ಆರ್‌ಟಿ-ಪಿಸಿಆರ್ ವಿಧಾನದಿಂದ ಅಳೆಯಲಾಗುತ್ತದೆ.

(ಇ) ಮಳೆ ಬಂದಾಗ ಚರಂಡಿ ನೀರು ತೆಳುವಾಗುವುದರಿಂದ ಅಳತೆಯನ್ನು ಸರಿದೂಗಿಸಬೇಕಾಗುತ್ತದೆ. ಇದಕ್ಕಾಗಿ ಮೆಣಸಿನ ಗಿಡಕ್ಕೆ ತಗಲುವ ಒಂದು ನಿರಪಾಯಕಾರಿ ವೈರಸ್ಸನ್ನು ಹಲವು ಪ್ರಯೋಗಾಲಯಗಳು ಬಳಸುತ್ತವೆ. ಆಹಾರದ ಮೂಲಕ ಅದು ಮನುಷ್ಯರ ಮಲದಲ್ಲಿ ಸದಾ ಇರುವುದರಿಂದ, ಮಾದರಿಯಲ್ಲಿ ಮಲದ ಅಂಶ ಎಷ್ಟಿದೆ ಎಂಬುದನ್ನು ತೋರಿಸುತ್ತದೆ.

(ಈ) ಅಗತ್ಯವಿದ್ದಲ್ಲಿ ವಂಶವಾಹಿಯ ಅನುಕ್ರಮವನ್ನು ಓದಿ ರೂಪಾಂತರಿ ತಳಿಗಳನ್ನು ಗುರುತಿಸಲಾಗುತ್ತದೆ.

5. ನಿದರ್ಶನಗಳು

ಈ ವಿಧಾನವು ಭಾರತಕ್ಕೆ ಹೊಸದಲ್ಲ. ಪೋಲಿಯೊ ವೈರಸ್ಸಿಗಾಗಿ ಮುಂಬಯಿಯ ಚರಂಡಿ ನೀರಿನ ಪರೀಕ್ಷೆಯು 2001ರಲ್ಲಿಯೇ ಆರಂಭವಾಯಿತು.

ನೆದರ್‌ಲ್ಯಾಂಡ್ಸ್‌ನ ಆಮರ್ಸ್‌ಫೋರ್ಟ್ ನಗರದ ಚರಂಡಿ ನೀರಿನಲ್ಲಿ, ಅಲ್ಲಿ ಮೊದಲ ಪ್ರಕರಣ ವರದಿಯಾಗುವ ಮುನ್ನವೇ, 2020ರ ಮಾರ್ಚ್ 5ರಂದು ಪಡೆದ ಮಾದರಿಯಲ್ಲಿ ಕೊರೊನಾ ವೈರಸ್ಸಿನ ಅಂಶ ಪತ್ತೆಯಾಯಿತು. 2020ರ ಆಗಸ್ಟ್‌ನಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಒಂದು ವಿದ್ಯಾರ್ಥಿನಿಲಯದ ಚರಂಡಿಯಲ್ಲಿ ವೈರಸ್ಸು ಕಂಡುಬಂದ ಕೂಡಲೇ ಅಲ್ಲಿನ 311 ಮಂದಿಯನ್ನು ಪರೀಕ್ಷಿಸಲಾಯಿತು. ಯಾವುದೇ ಲಕ್ಷಣಗಳಿಲ್ಲದ ಇಬ್ಬರು ಸೋಂಕಿತರು ಪತ್ತೆಯಾದರು. ಅವರನ್ನು ಪ್ರತ್ಯೇಕಿಸಿದ್ದರಿಂದ ಸೋಂಕು ಮತ್ತಷ್ಟು ಹರಡುವುದನ್ನು ತಡೆಯಲು ಅವಕಾಶವಾಯಿತು.

ಭಾರತದಲ್ಲಿ 2020ರ ಮೇ ತಿಂಗಳಿನಲ್ಲಿ ಅಹಮದಾಬಾದಿನ ಚರಂಡಿ ನೀರಿನಲ್ಲಿ ಈ ವೈರಸ್ಸಿನ ಅಂಶವನ್ನು ಗುರುತಿಸಲಾಯಿತು. ಬೆಂಗಳೂರಿನಲ್ಲಿ 2022ರ ಜನವರಿಯಿಂದ ಜೂನ್‌ವರೆಗೆ 28 ಶುದ್ಧೀಕರಣ ಘಟಕಗಳ ಮಾದರಿಗಳನ್ನು ವಿಜ್ಞಾನಿಗಳು ಪರೀಕ್ಷಿಸಿ, ಸೋಂಕಿನ ಏರಿಳಿತವನ್ನೂ ಓಮೈಕ್ರಾನ್ ತಳಿಗಳನ್ನೂ ದಾಖಲಿಸಿದರು.

6. ಮಿತಿಗಳು

ಗುಣಮುಖರಾದವರೂ ಕೆಲವು ವಾರಗಳವರೆಗೆ ಆರ್‌ಎನ್‌ಎಯನ್ನು ವಿಸರ್ಜಿಸುವುದರಿಂದ ಹಾಗೂ ಅದರ ಪ್ರಮಾಣವು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವುದರಿಂದ, ಚರಂಡಿ ನೀರಿನಿಂದ ಸೋಂಕಿತರ ನಿಖರ ಸಂಖ್ಯೆಯನ್ನು ಹೇಳಲಾಗುವುದಿಲ್ಲ. ಒಂದು ದಿನದ ಅಂಕಿಗಿಂತ ಸತತ ವಾರಗಳ ಏರಿಳಿತವೇ ಹೆಚ್ಚು ವಿಶ್ವಾಸಾರ್ಹವಾಗಿರುತ್ತದೆ.

ಒಳಚರಂಡಿ ಸಂಪರ್ಕವಿಲ್ಲದ ಗ್ರಾಮಗಳು, ಹೊಸ ಬಡಾವಣೆಗಳು ಮತ್ತು ಶೌಚಗುಂಡಿಗಳನ್ನು ಅವಲಂಬಿಸಿರುವ ಮನೆಗಳು ಘಟಕಗಳ ಮಾದರಿಯಲ್ಲಿ ಸೇರುವುದಿಲ್ಲ. ಆದುದರಿಂದ ಘಟಕದ ಅಂಕಿಗಳು ಕಡಿಮೆಯಿದ್ದರೆ ಇಂತಹ ಪ್ರದೇಶಗಳೂ ಸುರಕ್ಷಿತವೆಂದು ಭಾವಿಸತಕ್ಕದ್ದಲ್ಲ. ಅಲ್ಲಿ ಆಸ್ಪತ್ರೆಗಳ ವರದಿ ಮತ್ತು ನೇರ ಪರೀಕ್ಷೆಗಳೇ ಆಧಾರವಾಗಿರುತ್ತವೆ.

7. ಸಾರ್ವಜನಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಚರಂಡಿ ನೀರಿನ ಪರೀಕ್ಷೆಯಿಂದ ಯಾರಿಗೆ ಸೋಂಕಿದೆ ಎಂಬುದು ತಿಳಿಯುವುದೇ?
ಉತ್ತರ: ಇಲ್ಲ. ಘಟಕಕ್ಕೆ ಬರುವ ನೀರು ಸಾವಿರಾರು ಮನೆಗಳದ್ದಾಗಿರುತ್ತದೆ. ಅದರಿಂದ ವ್ಯಕ್ತಿಯನ್ನಾಗಲೀ ಮನೆಯನ್ನಾಗಲೀ ಗುರುತಿಸಲಾಗುವುದಿಲ್ಲ.

ಪ್ರಶ್ನೆ: ಈ ವರದಿಯನ್ನು ವೈಯಕ್ತಿಕ ಪರೀಕ್ಷಾ ವರದಿಯ ಬದಲಿಗೆ ಬಳಸಬಹುದೇ?
ಉತ್ತರ: ಬಳಸಲಾಗದು. ಜ್ವರ, ಕೆಮ್ಮು, ಉಸಿರಾಟದ ತೊಂದರೆ ಇರುವವರು ವೈದ್ಯರ ಸಲಹೆಯಂತೆ ಪ್ರತ್ಯೇಕವಾಗಿ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.

ಪ್ರಶ್ನೆ: ಮನೆಯಲ್ಲಿ ಸೋಂಕಿತರಿದ್ದಲ್ಲಿ ಶೌಚಾಲಯದ ಬಗ್ಗೆ ವಹಿಸಬೇಕಾದ ಎಚ್ಚರಿಕೆಗಳಾವುವು?
ಉತ್ತರ: ಸಾಧ್ಯವಿದ್ದಲ್ಲಿ ಪ್ರತ್ಯೇಕ ಶೌಚಾಲಯ ಬಳಸುವುದು, ಮುಚ್ಚಳವಿದ್ದಲ್ಲಿ ಮುಚ್ಚಿ ನೀರು ಬಿಡುವುದು, ಬಳಕೆಯಾಗದ ಬಚ್ಚಲಿನ ಕೊಳವೆಗೆ ಆಗಾಗ್ಗೆ ನೀರು ಹಾಕುವುದು, ಕೈಗಳನ್ನು ಸಾಬೂನಿನಿಂದ ಕನಿಷ್ಠ 20 ಸೆಕೆಂಡು ತೊಳೆಯುವುದು.

ಪ್ರಶ್ನೆ: ಕಟ್ಟಿದ ಚರಂಡಿ ಅಥವಾ ತುಂಬಿದ ಶೌಚಗುಂಡಿಯನ್ನು ಸ್ವಚ್ಛಗೊಳಿಸಲು ಕಾರ್ಮಿಕರನ್ನು ಒಳಗೆ ಇಳಿಸಬಹುದೇ?
ಉತ್ತರ: ಸುರಕ್ಷತಾ ಸಾಧನಗಳಿಲ್ಲದೆ ಯಾರನ್ನೂ ಒಳಚರಂಡಿ ಅಥವಾ ಶೌಚಗುಂಡಿಗೆ ಇಳಿಸುವುದು 2013ರ ಮ್ಯಾನ್ಯುಯಲ್ ಸ್ಕ್ಯಾವೆಂಜಿಂಗ್ ನಿಷೇಧ ಮತ್ತು ಪುನರ್ವಸತಿ ಕಾಯ್ದೆಯನ್ವಯ ಶಿಕ್ಷಾರ್ಹ ಅಪರಾಧವಾಗಿರುತ್ತದೆ. ಗುಂಡಿಯೊಳಗಿನ ವಿಷಾನಿಲವು ಕ್ಷಣಮಾತ್ರದಲ್ಲಿ ಪ್ರಾಣ ತೆಗೆಯಬಲ್ಲದು. ಸೋಂಕು ಇರಲಿ, ಇಲ್ಲದಿರಲಿ, ಸ್ಥಳೀಯ ಸಂಸ್ಥೆಯ ಮೂಲಕ ಯಂತ್ರದಿಂದಲೇ ಸ್ವಚ್ಛಗೊಳಿಸತಕ್ಕದ್ದು.