ಜಲಪಕ್ಷಿಗಳ ಸಂರಕ್ಷಣಾ ತಳಿವಿಜ್ಞಾನ: ಅಧ್ಯಯನ ಕೈಗೊಳ್ಳುವವರಿಗೆ ಮಾಹಿತಿ

1. ಪೀಠಿಕೆ

ಜೀವವಿಜ್ಞಾನದ ವಿದ್ಯಾರ್ಥಿಗಳು, ಸಂಶೋಧಕರು ಹಾಗೂ ಶಿಕ್ಷಣ ಸಂಸ್ಥೆಗಳು ಜಲಪಕ್ಷಿಗಳ ಅಧ್ಯಯನಕ್ಕೆ ಅನುಮತಿ ಕೋರುವ ಮುನ್ನ ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ. ಪಕ್ಷಿಗಳ ರಕ್ಷಣೆಗಾಗಿ ನಡೆಸುವ ಅಧ್ಯಯನವೇ ಅವುಗಳಿಗೆ ತೊಂದರೆಯಾಗಬಾರದು ಎಂಬುದು ಕೆಳಕಂಡ ಎಲ್ಲ ನಿಯಮಗಳ ಉದ್ದೇಶವಾಗಿರುತ್ತದೆ.

2. ರಾಜ್ಯದ ಪ್ರಮುಖ ಜಲಪಕ್ಷಿ ತಾಣಗಳು

ಡಾ. ಸಲೀಂ ಅಲಿ ಅವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು, 2022ರಲ್ಲಿ ರಾಜ್ಯದ ಮೊದಲ ರಾಮ್ಸಾರ್ ತಾಣವಾಯಿತು. 2024ರ ಜನವರಿಯಲ್ಲಿ ಅಂಕಸಮುದ್ರ, ಮಾಗಡಿ ಕೆರೆ ಹಾಗೂ ಅಘನಾಶಿನಿ ಅಳಿವೆಗಳು ಈ ಪಟ್ಟಿಗೆ ಸೇರ್ಪಡೆಗೊಂಡವು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಿಂದ ಸಮುದಾಯ ಮೀಸಲು ಪ್ರದೇಶವಾಗಿದ್ದು, ಇಲ್ಲಿ ಹೆಜ್ಜಾರ್ಲೆ ಹಾಗೂ ಬಣ್ಣದ ಕೊಕ್ಕರೆಗಳು ಊರಿನ ನಡುವಿನ ಮರಗಳಲ್ಲಿಯೇ ಗೂಡು ಕಟ್ಟುತ್ತವೆ.

3. ತಳಿವಿಜ್ಞಾನದ ಅಗತ್ಯ

ಪಕ್ಷಿಗಳ ಎಣಿಕೆಯಿಂದ ಸಂಖ್ಯೆ ಮಾತ್ರ ತಿಳಿಯುತ್ತದೆ. ಎರಡು ತಾಣಗಳ ಪಕ್ಷಿಗಳ ನಡುವೆ ಸಂತಾನ ಸಂಬಂಧವಿದೆಯೇ ಅಥವಾ ಅವು ಪ್ರತ್ಯೇಕ ಸಮೂಹಗಳೇ ಎಂಬುದನ್ನು ತಿಳಿಯಲು ಡಿ.ಎನ್.ಎ. ಪರೀಕ್ಷೆ ಅಗತ್ಯ. ಸಮೂಹಗಳು ಪ್ರತ್ಯೇಕವಾಗಿದ್ದಲ್ಲಿ, ಒಂದು ತಾಣದಲ್ಲಿ ಉಂಟಾದ ನಷ್ಟವನ್ನು ಇನ್ನೊಂದು ತಾಣದ ಪಕ್ಷಿಗಳು ಬಂದು ತುಂಬುವ ಸಂಭವ ಕಡಿಮೆ. ಚಿಕ್ಕ ಸಮೂಹದಲ್ಲಿ ತಳಿ ವೈವಿಧ್ಯ ಕುಗ್ಗಿದಂತೆ, ರೋಗ ಹಾಗೂ ಹವಾಮಾನದ ಏರುಪೇರನ್ನು ತಾಳಿಕೊಳ್ಳುವ ಶಕ್ತಿಯೂ ಕುಗ್ಗಬಹುದು. ಗಂಡು ಹೆಣ್ಣು ನೋಟಕ್ಕೆ ಬಹುತೇಕ ಒಂದೇ ಬಗೆಯಾಗಿರುವ ಜಾತಿಗಳಲ್ಲಿ ಲಿಂಗ ನಿರ್ಧಾರಕ್ಕೂ ಈ ಪರೀಕ್ಷೆ ನೆರವಾಗುತ್ತದೆ.

4. ಉದುರಿದ ಗರಿಗಳ ಬಳಕೆ

ರಕ್ತದ ಮಾದರಿ ಪಡೆಯಲು ಪಕ್ಷಿಯನ್ನು ಹಿಡಿಯಬೇಕಾಗುತ್ತದೆ. ಗೂಡು ಕಟ್ಟುವ ಋತುವಿನಲ್ಲಿ ಬೆದರಿದ ತಾಯಿ ಹಕ್ಕಿ ಗೂಡು ಬಿಟ್ಟಲ್ಲಿ ಮೊಟ್ಟೆ ಮರಿಗಳು ಬಿಸಿಲಿಗೂ ಕಾಗೆ, ಹದ್ದುಗಳಿಗೂ ತುತ್ತಾಗುತ್ತವೆ. ಆದುದರಿಂದ ಉದುರಿದ ಗರಿಗಳಿಂದ ಡಿ.ಎನ್.ಎ. ಪಡೆಯುವ ವಿಧಾನಕ್ಕೆ ಆದ್ಯತೆ ನೀಡುವುದು ಸೂಕ್ತ. ಗರಿಯ ಬುಡದಲ್ಲಿ ಉಳಿದ ಜೀವಕೋಶಗಳು ಹಾಗೂ ಹೆಪ್ಪುಗಟ್ಟಿದ ರಕ್ತ ಇದಕ್ಕೆ ಆಧಾರ. ಉತ್ತರ ಭಾರತದ ಬಣ್ಣದ ಕೊಕ್ಕರೆಗಳ ಉದುರಿದ ಗರಿಗಳನ್ನೇ ಬಳಸಿ ದೆಹಲಿಯ ಸಂಶೋಧಕರು ನಡೆಸಿದ ಅಧ್ಯಯನವು 2017ರಲ್ಲಿ ಪ್ರಕಟವಾಗಿದೆ.

ಈ ವಿಧಾನಕ್ಕೆ ಮಿತಿಗಳೂ ಇವೆ. ಬಿಸಿಲು ಮತ್ತು ತೇವದಿಂದ ಡಿ.ಎನ್.ಎ. ಕೆಡುತ್ತದೆ. ಎರಡು ಗರಿಗಳು ಒಂದೇ ಪಕ್ಷಿಯದ್ದಾಗಿರಬಹುದಾದ್ದರಿಂದ, ಗರಿಗಳ ಸಂಖ್ಯೆಯನ್ನು ಪಕ್ಷಿಗಳ ಸಂಖ್ಯೆಯೆಂದು ಪರಿಗಣಿಸುವಂತಿಲ್ಲ. ಪ್ರತಿ ಗರಿಯನ್ನು ಪ್ರತ್ಯೇಕ ಕಾಗದದ ಲಕೋಟೆಯಲ್ಲಿ ಒಣಗಿದ ಸ್ಥಿತಿಯಲ್ಲಿಟ್ಟು, ಸ್ಥಳ ಹಾಗೂ ದಿನಾಂಕವನ್ನು ನಮೂದಿಸತಕ್ಕದ್ದು.

5. ಅನುಮತಿ

ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರಲ್ಲಿ "ಬೇಟೆ" ಎಂಬ ಪದವು ಕೊಲ್ಲುವುದಕ್ಕೆ ಮಾತ್ರ ಸೀಮಿತವಲ್ಲ. ಹಿಡಿಯುವುದು, ದೇಹದ ಯಾವುದೇ ಭಾಗವನ್ನು ತೆಗೆಯುವುದು, ಕಾಡುಪಕ್ಷಿಗಳ ಮೊಟ್ಟೆ ಅಥವಾ ಗೂಡುಗಳಿಗೆ ತೊಂದರೆ ಕೊಡುವುದು ಸಹ ಬೇಟೆಯೇ ಆಗುತ್ತದೆ. ಗರಿಯನ್ನು ಸದರಿ ಅಧಿನಿಯಮದ "ಟ್ರೋಫಿ" ವ್ಯಾಖ್ಯೆಯಲ್ಲಿ ಹೆಸರಿಸಲಾಗಿದೆ. ಆದ್ದರಿಂದ ನೆಲದ ಮೇಲೆ ಬಿದ್ದ ಗರಿಯೆಂಬ ಕಾರಣದಿಂದ ಅನುಮತಿ ಬೇಕಿಲ್ಲವೆಂದು ಅರ್ಜಿದಾರರು ಭಾವಿಸಬಾರದು.

(ಅ) ಪಕ್ಷಿಧಾಮದೊಳಗೆ ಅಧ್ಯಯನಕ್ಕಾಗಿ ಪ್ರವೇಶಿಸಲು ಪ್ರಕರಣ 28ರ ಅನ್ವಯ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಅಗತ್ಯ.
(ಆ) ಪಕ್ಷಿಯನ್ನು ಹಿಡಿಯುವ ಅಥವಾ ಅದರಿಂದ ಮಾದರಿ ಪಡೆಯುವ ವೈಜ್ಞಾನಿಕ ಅಧ್ಯಯನಕ್ಕೆ ಪ್ರಕರಣ 12ರ ಅನ್ವಯ ಪರವಾನಗಿ ಪಡೆಯತಕ್ಕದ್ದು. ಅನುಸೂಚಿ 1ರ ಪಕ್ಷಿಗಳಿಗೆ ಕೇಂದ್ರ ಸರ್ಕಾರದ, ಇತರೆ ಪಕ್ಷಿಗಳಿಗೆ ರಾಜ್ಯ ಸರ್ಕಾರದ ಪೂರ್ವಾನುಮತಿ ಬೇಕಾಗುತ್ತದೆ. 2022ರ ತಿದ್ದುಪಡಿಯಿಂದ ಅನುಸೂಚಿಗಳು ಬದಲಾಗಿರುವುದರಿಂದ ಹಳೆಯ ಪಟ್ಟಿಯನ್ನು ಆಧರಿಸಬಾರದು.
(ಇ) ವಿದೇಶಿ ಪ್ರಜೆಗಳು ಹಾಗೂ ವಿದೇಶಿ ಸಂಸ್ಥೆಗಳು ಜೀವವೈವಿಧ್ಯ ಅಧಿನಿಯಮ, 2002ರ ಪ್ರಕರಣ 3ರ ಮೇರೆಗೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮೋದನೆ ಪಡೆಯತಕ್ಕದ್ದು.

ಅಧ್ಯಯನದ ಉದ್ದೇಶ, ಸ್ಥಳ, ಅವಧಿ, ಪಕ್ಷಿಯ ಜಾತಿ, ಮಾದರಿಗಳ ಸಂಖ್ಯೆ, ಸಂಗ್ರಹ ವಿಧಾನ ಹಾಗೂ ಪರೀಕ್ಷೆ ನಡೆಯುವ ಪ್ರಯೋಗಾಲಯ ಇವುಗಳನ್ನು ಅರ್ಜಿಯೊಂದಿಗೆ ಸ್ಪಷ್ಟವಾಗಿ ವಿವರಿಸುವುದು ಸೂಕ್ತ.

6. ವ್ಯಾಸಂಗ ಮತ್ತು ವೃತ್ತಿ

ಪ್ರಾಣಿಶಾಸ್ತ್ರ, ಜೈವಿಕ ತಂತ್ರಜ್ಞಾನ ಅಥವಾ ವನ್ಯಜೀವಿ ವಿಜ್ಞಾನದ ಪದವಿಯೊಂದಿಗೆ ಕ್ಷೇತ್ರಕಾರ್ಯ, ಪ್ರಯೋಗಾಲಯ ಮತ್ತು ಸಂಖ್ಯಾಶಾಸ್ತ್ರ ಈ ಮೂರರಲ್ಲೂ ಪರಿಣತಿ ಅಗತ್ಯ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ ಹಾಗೂ ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರಗಳಲ್ಲಿ ವನ್ಯಜೀವಿ ತಳಿವಿಜ್ಞಾನದ ಕಾರ್ಯ ನಡೆದಿದೆ.

7. ಶಿಕ್ಷಣ ಸಂಸ್ಥೆಗಳ ಆವರಣದ ಪಾತ್ರ

ಜಲಪಕ್ಷಿಗಳ ಅಧ್ಯಯನಕ್ಕೆ ದೂರದ ಪಕ್ಷಿಧಾಮಕ್ಕೇ ಹೋಗಬೇಕೆಂದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಗೆ ಹೊಂದಿಕೊಂಡಿರುವ, 1864ರಲ್ಲಿ ನಿರ್ಮಾಣಗೊಂಡ ಕುಕ್ಕರಹಳ್ಳಿ ಕೆರೆಯಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಮುಂತಾದ ಪಕ್ಷಿಗಳು ಕಂಡುಬರುತ್ತವೆ. ಕೊಳಚೆ ನೀರು ಸೇರಿದಲ್ಲಿ ಇಂತಹ ಕೆರೆಯ ಮೀನು ಕಡಿಮೆಯಾಗಿ, ಅದನ್ನು ನಂಬಿದ ಹಕ್ಕಿಯೂ ದೂರವಾಗುತ್ತದೆ. ಆವರಣದ ತ್ಯಾಜ್ಯ ನೀರನ್ನು ಶುದ್ಧೀಕರಿಸುವುದು, ಮಳೆನೀರಿನ ಕಾಲುವೆಗಳನ್ನು ತೆರವಾಗಿಡುವುದು, ದಡದ ಹಳೆಯ ಮರಗಳನ್ನು ಉಳಿಸುವುದು ಹಾಗೂ ಪ್ರತಿ ತಿಂಗಳು ಪಕ್ಷಿಗಳ ಎಣಿಕೆಯನ್ನು ದಾಖಲಿಸುವುದು ಪ್ರತಿಯೊಂದು ಸಂಸ್ಥೆಗೂ ಸಾಧ್ಯವಿರುವ ಕೆಲಸಗಳು. ಹಲವು ವರ್ಷಗಳ ಇಂತಹ ದಾಖಲೆ ಮುಂದೆ ತಳಿ ಅಧ್ಯಯನಕ್ಕೆ ಆಧಾರವಾಗುತ್ತದೆ.

8. ಸೂಚನೆ

ಗಾಯಗೊಂಡ ಅಥವಾ ಸತ್ತ ಪಕ್ಷಿ ಕಂಡುಬಂದಲ್ಲಿ ಸಾರ್ವಜನಿಕರು ಅದನ್ನು ಮುಟ್ಟದೆ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಕೂಡಲೇ ತಿಳಿಸಲು ಕೋರಲಾಗಿದೆ. ಸಾವಿನ ಕಾರಣ ತಿಳಿಯಲು ಸಕಾಲದ ಪರೀಕ್ಷೆ ಅತ್ಯಗತ್ಯವಾಗಿರುತ್ತದೆ.