ಕತ್ತಿನ ಸಂಧಿ ಸವೆತ: ಹಿರಿಯರಿಗೆ ಕೈರೊಪ್ರಾಕ್ಟಿಕ್ ಚಿಕಿತ್ಸೆ

ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಒತ್ತಿ ಅಥವಾ ಥಟ್ಟನೆ ತಿರುಗಿಸಿ ನೋವು ಇಳಿಸಲು ಯತ್ನಿಸುವ ಪದ್ಧತಿ ಕೈರೊಪ್ರಾಕ್ಟಿಕ್. ವಯಸ್ಸಾದವರ ಕತ್ತಿನ ಸವೆತಕ್ಕೆ, ಅಂದರೆ ಸರ್ವೈಕಲ್ ಸ್ಪಾಂಡಿಲೋಸಿಸ್‌ಗೆ, ಈ ಪದ್ಧತಿಯ ಬಳಕೆಯನ್ನು ಮಹಾರಾಷ್ಟ್ರದ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದ (2023ರವರೆಗೆ ಔರಂಗಾಬಾದ್) ಹಿನ್ನೆಲೆಯಲ್ಲಿ ಇಲ್ಲಿ ವಿವರಿಸಲಾಗಿದೆ.

ಸವೆತ ಮತ್ತು ‘ಗ್ಯಾಪ್’

ಕತ್ತಿನಲ್ಲಿ 7 ಮಣಿಗಳಿವೆ. ಅವುಗಳ ನಡುವಿನ ಡಿಸ್ಕ್ ವಯಸ್ಸಾದಂತೆ ನೀರಿನಂಶ ಕಳೆದುಕೊಂಡು ಕುಗ್ಗುತ್ತದೆ. ಆಗ ಹಿಂಬದಿಯ ಪುಟ್ಟ ಕೀಲುಗಳ ಮೇಲೆ ಭಾರ ಹೆಚ್ಚಿ ಮೃದ್ವಸ್ಥಿ ಸವೆಯುತ್ತದೆ, ಅಂಚಿನಲ್ಲಿ ಮೂಳೆಯ ಮುಳ್ಳು ಬೆಳೆಯುತ್ತದೆ. 5–6 ಮತ್ತು 6–7ನೇ ಮಣಿಗಳ ನಡುವೆ ಇದು ಹೆಚ್ಚು. 60 ದಾಟಿದ ಬಹುಪಾಲು ಜನರ ಎಕ್ಸ್-ರೇಯಲ್ಲಿ ಸವೆತ ಕಾಣುತ್ತದೆ. ಅವರಲ್ಲಿ ಅನೇಕರಿಗೆ ನೋವೇ ಇರುವುದಿಲ್ಲ. ನಾಸಿಕ್‌ನ ದ್ರಾಕ್ಷಿ ತೋಟಗಳಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್‌ನ ‘ಛಾಟಣಿ’ಗೆ, ಅಂದರೆ ಬಳ್ಳಿ ಸವರುವ ಕೆಲಸಕ್ಕೆ, ಚಪ್ಪರದ ಕೆಳಗೆ ತಲೆ ಎತ್ತಿಕೊಂಡೇ ನಿಲ್ಲಬೇಕು. ಆ ಭಂಗಿಯಲ್ಲಿ ಹಿಂಬದಿಯ ಕೀಲುಗಳು ಒಂದನ್ನೊಂದು ಒತ್ತುತ್ತವೆ; ಮೊದಲೇ ಸವೆದ ಕತ್ತಿಗೆ ಅದು ನೋವಿನ ಕೆಲಸ.

ಈ ಭಾಗದ ಮರಾಠಿ ಆಡುಮಾತಿನಲ್ಲಿ ಕಾಯಿಲೆಯ ಹೆಸರು ‘ಮಣಕ್ಯಾತ್ ಗ್ಯಾಪ್’, ಮಣಿಗಳ ನಡುವೆ ಸಂದು. ಕನ್ನಡದಲ್ಲೂ ‘ಗ್ಯಾಪ್ ಬಂದಿದೆ’ ಎನ್ನುವುದುಂಟು. ವಾಸ್ತವದಲ್ಲಿ ಆಗಿರುವುದು ತದ್ವಿರುದ್ಧ: ಸಂದು ಕಿರಿದಾಗಿದೆ. ಇದನ್ನು ಬರೀ ಪದದ ತಪ್ಪೆಂದು ಬಿಡಲಾಗದು. ಸಂದು ಬಿಟ್ಟಿದ್ದರೆ ಒತ್ತಿ ಕೂಡಿಸಬಹುದೆಂಬ ನಂಬಿಕೆ ಈ ಪದದೊಂದಿಗೇ ಬರುತ್ತದೆ, ಚಿಕಿತ್ಸೆಯ ಆಯ್ಕೆಯೂ ಆ ನಂಬಿಕೆಯಂತೆಯೇ ನಡೆಯುತ್ತದೆ.

ಪದ್ಧತಿಯ ಮೂಲದಲ್ಲೂ ಇಂಥದೇ ಕಲ್ಪನೆಯಿತ್ತು. 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್‌ನಲ್ಲಿ ಡೇನಿಯಲ್ ಡೇವಿಡ್ ಪಾಮರ್, ಹಾರ್ವಿ ಲಿಲರ್ಡ್ ಎಂಬ ಕಟ್ಟಡದ ನೌಕರನ ಬೆನ್ನಿನ ಮಣಿಯನ್ನು ಒತ್ತಿ, ಮಂದವಾಗಿದ್ದ ಕಿವಿ ಮರಳಿ ಕೇಳುವಂತೆ ಮಾಡಿದೆನೆಂದು ಹೇಳಿಕೊಂಡ. ಸ್ಥಾನ ತಪ್ಪಿದ ಮಣಿಗಳೇ ಬಹುತೇಕ ರೋಗಗಳ ಕಾರಣ ಎಂಬುದು ಅವನ ವಾದ; ಅದಕ್ಕೆ ವೈಜ್ಞಾನಿಕ ಆಧಾರ ದೊರೆತಿಲ್ಲ. ಕತ್ತು ತಿರುಗಿಸಿದಾಗ ಬರುವ ‘ನೆಟಿಗೆ’ಯ ಸದ್ದು ಮೂಳೆ ಸ್ವಸ್ಥಾನಕ್ಕೆ ಸೇರಿದ ಸದ್ದಲ್ಲ. ಕೀಲಿನೊಳಗೆ ಒತ್ತಡ ಥಟ್ಟನೆ ಇಳಿದು ದ್ರವದಲ್ಲಿ ಅನಿಲದ ಗುಳ್ಳೆ ಉಂಟಾಗುವುದಕ್ಕೂ ಅದಕ್ಕೂ ಸಂಬಂಧವಿದೆ.

ಪುರಾವೆ

ಹಿರಿಯರನ್ನೇ ಕುರಿತ ಅಧ್ಯಯನಗಳು ವಿರಳ. ಮುಖ್ಯವಾದುದು 2014ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ. 65 ಮತ್ತು ಅದಕ್ಕೂ ಹೆಚ್ಚಿನ ವಯಸ್ಸಿನ, ಬಹುಕಾಲದ ಕತ್ತುನೋವಿನ 241 ಮಂದಿ ಅದರಲ್ಲಿದ್ದರು. 12 ವಾರಗಳ ಕೊನೆಗೆ, ಮನೆಯ ವ್ಯಾಯಾಮವನ್ನಷ್ಟೇ ಮಾಡಿದವರಿಗಿಂತ ಅದರೊಂದಿಗೆ ಕೈಚಿಕಿತ್ಸೆಯನ್ನೂ ಪಡೆದವರಲ್ಲಿ ನೋವು ಸ್ವಲ್ಪ ಹೆಚ್ಚು ತಗ್ಗಿತ್ತು. ವರ್ಷದ ಹೊತ್ತಿಗೆ ಆ ಅಂತರ ಉಳಿಯಲಿಲ್ಲ. ಹಾಗಾಗಿ ಇದನ್ನು ವ್ಯಾಯಾಮಕ್ಕೆ ಕೆಲಕಾಲದ ಜೊತೆಗಾರ ಎನ್ನಬಹುದು. ಸವೆದ ಮೃದ್ವಸ್ಥಿಯನ್ನು ಇದು ಮರಳಿ ಬೆಳೆಸದು.

ಅಪಾಯಗಳು

2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಕ್ಷೌರದಂಗಡಿಯಲ್ಲಿ ತಲೆ ತಿಕ್ಕಿ ಕತ್ತು ತಿರುಗಿಸಿದ ಮೇಲೆ ಕತ್ತಿನ ರಕ್ತನಾಳ ಸೀಳಿ ಪಾರ್ಶ್ವವಾಯು ಬಡಿದುದು ಸುದ್ದಿಯಾಯಿತು. ಅದು ಕೈರೊಪ್ರಾಕ್ಟಿಕ್ ಅಲ್ಲ, ಆದರೆ ಚಲನೆ ಅದೇ ಬಗೆಯದು. ಕತ್ತಿನ ಹಿಂಬದಿಯ ಧಮನಿ ಸಾಮಾನ್ಯವಾಗಿ 6ನೇ ಮಣಿಯಿಂದ ಮೇಲಕ್ಕೆ ಮಣಿಗಳ ರಂಧ್ರಗಳ ಮೂಲಕ ಏರಿ, ಮೊದಲ ಮಣಿಯ ಮೇಲೆ ಬಾಗಿ ತಲೆಬುರುಡೆಯನ್ನು ಹೊಗುತ್ತದೆ. ತಲೆ ತಿರುಗಿಸಿದಾಗ ಅತಿ ಹೆಚ್ಚು ಎಳೆತ ಬೀಳುವುದು ಆ ಬಾಗಿನಲ್ಲಿ. ಕೆನಡಾದ ಒಂಟಾರಿಯೊದಲ್ಲಿ ಈ ಧಮನಿಯ ಪಾರ್ಶ್ವವಾಯುವಿನ 818 ಪ್ರಕರಣಗಳನ್ನು ಪರಿಶೀಲಿಸಿದ 2008ರ ಅಧ್ಯಯನದಲ್ಲಿ, ಕೈರೊಪ್ರಾಕ್ಟರ್ ಭೇಟಿಯೊಂದಿಗಿನ ನಂಟು ಕಂಡದ್ದು 45ರೊಳಗಿನವರಲ್ಲಿ. ಅವರಲ್ಲೂ ಸಾಮಾನ್ಯ ವೈದ್ಯರ ಭೇಟಿಯೊಂದಿಗೆ ಅಂಥದೇ ನಂಟಿತ್ತು. ನಾಳ ಮೊದಲೇ ಸೀಳಿ, ಆ ನೋವಿಗಾಗಿಯೇ ಜನ ಇಬ್ಬರ ಬಳಿಗೂ ಹೋಗಿರಬಹುದು.

ಹಿರಿಯರ ವಿಷಯದಲ್ಲಿ ಹೆಚ್ಚು ಕಾಳಜಿ ಬೇಕಾದುದು ಮೂಳೆ ಮತ್ತು ಬೆನ್ನುಹುರಿಯ ಬಗ್ಗೆ. ಮೂಳೆ ಟೊಳ್ಳಾಗಿರುವವರಿಗೆ, ರುಮಟಾಯ್ಡ್ ಸಂಧಿವಾತದಿಂದ ಮೊದಲೆರಡು ಮಣಿಗಳ ಬಂಧ ಸಡಿಲವಾದವರಿಗೆ, ಬೆನ್ನುಹುರಿ ಒತ್ತಿಹೋದವರಿಗೆ ರಭಸದ ತಿರುವು ಸಲ್ಲದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ಮೊದಲೇ ತಿಳಿಸಬೇಕು.

ಸ್ಥಳೀಯ ಸ್ಥಿತಿ

ಭಾರತದಲ್ಲಿ ಕೈರೊಪ್ರಾಕ್ಟಿಕ್‌ಗೆ ಪ್ರತ್ಯೇಕ ಶಾಸನಬದ್ಧ ಪರಿಷತ್ತಿಲ್ಲ. ಆದ್ದರಿಂದ ಫಲಕದ ಮೇಲಿನ ಹೆಸರಿಗಿಂತ ಮೂಲ ಪದವಿ ಯಾವುದೆಂದು ಕೇಳುವುದು ಮುಖ್ಯ. 1998ರಲ್ಲಿ ಸ್ಥಾಪನೆಯಾದ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ನಾಸಿಕ್‌ನಲ್ಲೇ ಇದೆ. ಅದರ ಸಂಯೋಜಿತ ಕಾಲೇಜುಗಳಲ್ಲಿ ಭೌತಚಿಕಿತ್ಸೆಯ ಪದವಿ ಇದೆ. ಸಂಭಾಜಿನಗರದಲ್ಲಿ ಜನ ‘ಘಾಟಿ’ ಎಂದು ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು 1956ರದು. ಅಂಗಿಯ ಗುಂಡಿ ಹಾಕಲು, ಸೀರೆಯ ನಿರಿಗೆ ಹಿಡಿಯಲು ಬೆರಳು ತಡವರಿಸಿದರೆ, ನಡಿಗೆ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ ಕತ್ತನ್ನು ಯಾರ ಕೈಗೂ ಕೊಡದೆ ಮೊದಲು ಇಂಥ ಆಸ್ಪತ್ರೆಯ ಮೂಳೆ ಅಥವಾ ನರ ವಿಭಾಗಕ್ಕೆ ಹೋಗಬೇಕು.